ಲಾಂಡ್ರಿ ವ್ಯಾನಿನ ಭಾನುವಾರ

ಗಡಿಯಾರ ರಿಪೇರಿ ಮಾಡುತ್ತಲೇ ಜೀವಮಾನ ಕಳೆದ ಮನುಷ್ಯನೊಬ್ಬ ಒಂದು ಭಾನುವಾರವಾದರೂ ಹೇಳಿದ ಹೊತ್ತಿಗೆ ಮನೆಯಿಂದ ಹೊರಗೆ ಬರಲಿಲ್ಲ ಎಂದರೆ ನೀವು ನಂಬುತ್ತೀರಾ? ನಂಬದಿದ್ದರೆ ನನ್ನ ಹೆಬ್ಬೆರಳನ್ನು ಕೇಳಿ. ಅವರ ಬಾಗಿಲ ಮುಂದೆ ಹಾರನ್ ಒತ್ತಿ ಒತ್ತಿ ಅದು ಸವೆದು ಹೋಗಿದೆ. ಒಮ್ಮೆ ಒತ್ತಿದರೆ ಎದುರುಮನೆಯ ನಾಯಿ ಬೊಗಳುತ್ತದೆ. ಎರಡನೇ ಸಲಕ್ಕೆ ಪಕ್ಕದ ಮನೆಯಾಕೆ ಕಿಟಕಿ ತೆರೆದು, ನನ್ನ ಮುಖ ನೋಡಿ, ರಪ್ಪನೆ ಮುಚ್ಚುತ್ತಾಳೆ. ಮೂರನೇ ಸಲಕ್ಕೆ ಇಡೀ ಬೀದಿ ಎದ್ದು ಕೂತಿರುತ್ತದೆ, ಈ ಗಡಿಯಾರದ ತಾತನೊಬ್ಬರನ್ನು ಬಿಟ್ಟು. ಕೊನೆಗೆ ಬಾಗಿಲು ತೆರೆದು, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ಮೆಟ್ಟಿಲಿಗೊಂದು ಯುಗದಂತೆ ಇಳಿದು ಬಂದು, ಇವತ್ತು ತಡವಾಯಿತೇನಪ್ಪ ಎಂದು ನನ್ನನ್ನೇ ಕೇಳುತ್ತಾರೆ.

ನಾನು ಲಾಂಡ್ರಿಯ ವ್ಯಾನ್ ಓಡಿಸುವವನು. ವಾರವೆಲ್ಲಾ ಆಸ್ಪತ್ರೆಗಳ ಚಾದರ, ದಿಂಬಿನ ಚೀಲ, ಆಪರೇಷನ್ ಗೌನುಗಳನ್ನು ಕೊಳೆಯಾಗಿ ತರುವುದು, ಮಡಿಯಾಗಿ ಒಯ್ಯುವುದು. ಭಾನುವಾರ ಅದೇ ವ್ಯಾನಿನಲ್ಲಿ ನಮ್ಮ ಚರ್ಚಿನ ಸಭೆಯ ವಯಸ್ಸಾದವರನ್ನು ಆರಾಧನೆಗೆ ಕರೆದುಕೊಂಡು ಹೋಗುವುದು. ಇದನ್ನು ನನ್ನ ತಲೆಗೆ ಕಟ್ಟಿದವರು ಹಿಂದಿನ ಪಾಸ್ಟರು. ಆ ದಾರಿಯ ಬಸ್ಸು ನಿಂತುಹೋದಾಗ ಬಂದು, ಎರಡು ವಾರದ ಮಟ್ಟಿಗೆ ನೋಡಿಕೋ ತಮ್ಮಾ, ಅಷ್ಟರಲ್ಲಿ ಬಸ್ಸು ಬರುತ್ತದೆ ಎಂದರು. ಬಸ್ಸು ಬರಲಿಲ್ಲ. ಪಾಸ್ಟರು ವರ್ಗವಾಗಿ ಹೋದರು. ಏಳು ವರ್ಷವಾಯಿತು, ಆ ಎರಡು ವಾರ ಇನ್ನೂ ಮುಗಿದಿಲ್ಲ.

ಲಾಂಡ್ರಿಯ ಯಜಮಾನರು ವ್ಯಾನು ಕೊಡುವುದಕ್ಕೆ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ವ್ಯಾನು ಓಡಿಸುವವನು ಭಾನುವಾರವಾದರೂ ಸರಿ, ಬೆನ್ನ ಮೇಲೆ ಲಾಂಡ್ರಿಯ ಹೆಸರಿರುವ ನೀಲಿ ಜಾಕೆಟ್ ಹಾಕಿಕೊಂಡೇ ಕೂರಬೇಕು. ಅಪಘಾತ ಗಿಪಘಾತ ಆದರೆ ವಿಮೆಯವರು ಕೇಳುತ್ತಾರಂತೆ. ಹಾಗಾಗಿ ಊರೆಲ್ಲಾ ಒಳ್ಳೆಯ ಬಟ್ಟೆ ಹಾಕಿಕೊಂಡು ದೇವರ ಮನೆಗೆ ಹೊರಟರೆ ನಾನು ಮಾತ್ರ ಸೋಪಿನ ಜಾಹೀರಾತಿನ ಹಾಗೆ ಹೊರಡುತ್ತೇನೆ.

ಭಾನುವಾರವೂ ಬೆಳಗಾಗುವ ಮೊದಲು ಆಸ್ಪತ್ರೆಗೆ ಒಂದು ಸುತ್ತು ಇದ್ದೇ ಇರುತ್ತದೆ. ರೋಗಕ್ಕೆ ರಜೆಯಿಲ್ಲ, ಚಾದರಕ್ಕೂ ಇಲ್ಲ. ಅದು ಮುಗಿಸಿ, ವ್ಯಾನಿನೊಳಗಿನ ಕಬ್ಬಿಣದ ಅಟ್ಟಣಿಗೆ ಬಿಚ್ಚಿ ಇಳಿಸಿ, ನೆಲ ತೊಳೆದು, ಎರಡು ಬೆಂಚುಗಳನ್ನು ಬೋಲ್ಟು ಹಾಕಿ ಬಿಗಿಯಬೇಕು. ನೆಲ ತೊಳೆದ ನೀರಿನಲ್ಲಿ ಫಿನಾಯಿಲ್ ಹೆಚ್ಚಾದರೆ ತಲೆನೋವು ಎನ್ನುತ್ತಾರೆ, ಕಮ್ಮಿಯಾದರೆ ಆಸ್ಪತ್ರೆ ವಾಸನೆ ಎನ್ನುತ್ತಾರೆ. ದೇವರನ್ನು ಮೆಚ್ಚಿಸಬಹುದು, ಈ ಮೂವರನ್ನು ಮೆಚ್ಚಿಸಲು ಸಾಧ್ಯವಿಲ್ಲ.

ಮೂವರೇ. ಮೊದಲು ಬೆಂಚು ತುಂಬಾ ಇದ್ದರು, ಒಬ್ಬೊಬ್ಬರಾಗಿ ತೀರಿಕೊಂಡರು. ನನ್ನನ್ನು ಮೊದಲಿನಿಂದ ಬಲ್ಲವರು ಯಾರೂ ಉಳಿಯಲಿಲ್ಲ. ಆಮೇಲೆ ಹತ್ತಿದವರಲ್ಲಿ ಈಗ ಇರುವವರು ಗಡಿಯಾರದ ತಾತ ಮತ್ತು ಇಬ್ಬರು ಅಕ್ಕತಂಗಿಯರು. ದೊಡ್ಡಕ್ಕ ಟೈಪಿಸ್ಟಾಗಿದ್ದವರು, ಚಿಕ್ಕಕ್ಕ ಶಾಲೆಯಲ್ಲಿ ಹಾಡು ಕಲಿಸುತ್ತಿದ್ದವರು. ಒಂದೇ ಮನೆಯಲ್ಲಿದ್ದಾರೆ, ಒಂದೇ ಒಲೆ, ಆದರೆ ಯಾವುದೋ ಮಾತಿಗೆ ಮಾತು ಬೆಳೆದು ಒಬ್ಬರಿಗೊಬ್ಬರು ನೇರವಾಗಿ ಮಾತನಾಡುವುದನ್ನು ಬಿಟ್ಟಿದ್ದಾರೆ. ಏನಿದ್ದರೂ ನನ್ನ ಮೂಲಕ. ಡ್ರೈವರ್, ಅವಳಿಗೆ ಕಿಟಕಿ ಮುಚ್ಚಲು ಹೇಳಿ. ಡ್ರೈವರ್, ಅವಳಿಗೆ ಉಸಿರಾಡುವ ಅಭ್ಯಾಸ ಇಲ್ಲದಿದ್ದರೆ ನನಗಿದೆ ಎಂದು ಹೇಳಿ. ನಾನು ಗೇರು ಬದಲಿಸಲೋ, ಇವರ ಅಂಚೆ ಹಂಚಲೋ?

ದೊಡ್ಡಕ್ಕನಿಗೆ ಸೊಂಟದ ಮೂಳೆ ಮುರಿದ ಮೇಲೆ ಬಸ್ಸಾಗಲಿ ಟ್ಯಾಕ್ಸಿಯಾಗಲಿ ಹತ್ತಲು ಆಗುವುದಿಲ್ಲ. ನಮ್ಮ ವ್ಯಾನಿನ ಹಿಂಬಾಗಿಲು ಅಗಲ. ಅದಕ್ಕೆ ನಾನೇ ಒಂದು ಮರದ ಮೆಟ್ಟಿಲು ಮಾಡಿದ್ದೇನೆ. ಅದರ ಮೇಲೆ ಕಾಲಿಟ್ಟು, ನನ್ನ ಹೆಗಲು ಹಿಡಿದು, ಅಮ್ಮಾ ಅಪ್ಪಾ ಎನ್ನುತ್ತಾ ಹತ್ತುತ್ತಾರೆ. ಹತ್ತಿ ಕೂತ ಮೇಲೆ ಮೆಟ್ಟಿಲು ಎತ್ತರ ಹೆಚ್ಚಾಯಿತು ಎನ್ನುತ್ತಾರೆ. ಈ ವ್ಯಾನು ನಿಂತರೆ ಅವರು ಇನ್ನೊಮ್ಮೆ ಆರಾಧನೆಯಲ್ಲಿ ಕೂರುವುದಿಲ್ಲ. ಇದು ಅವರಿಗೂ ಗೊತ್ತು, ನನಗೂ ಗೊತ್ತು. ಗೊತ್ತಿರುವುದರಿಂದಲೇ ನಾನು ಸಿಕ್ಕಿಹಾಕಿಕೊಂಡಿದ್ದೆ.

ನಮ್ಮ ಸಭೆಯ ಕಟ್ಟಡ ಅಗ್ನಿಶಾಮಕ ಠಾಣೆಯ ಮಗ್ಗುಲಲ್ಲಿದೆ. ಗಲ್ಲಿ ಕಿರಿದು. ಬೆಂಕಿ ಇಂಜಿನ್ ಹೊರಡಬೇಕಾದರೆ ನಮ್ಮ ವ್ಯಾನು ಅಡ್ಡ. ಆದ್ದರಿಂದ ವಾಹನ ನಿಲ್ಲಿಸಬಹುದು, ಆದರೆ ಡ್ರೈವರ್ ಸೀಟಿನಲ್ಲಿರಬೇಕು ಎಂದು ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿದ್ದಾರೆ. ಮೂವರನ್ನು ಇಳಿಸಿ ಒಳಗೆ ಕೂರಿಸಿ ಬಂದು ನಾನು ಸೀಟಿನಲ್ಲಿ ಕೂರುತ್ತೇನೆ. ಒಳಗೆ ಹಾಡು, ಪ್ರಾರ್ಥನೆ, ಪ್ರಸಂಗ. ಹೊರಗೆ ನಾನು. ಏಳು ವರ್ಷದಲ್ಲಿ ಬೆಂಕಿ ಇಂಜಿನ್ ಭಾನುವಾರ ಬೆಳಿಗ್ಗೆ ಹೊರಟದ್ದು ಒಂದೇ ಸಲ, ಅದೂ ಯಾರದೋ ಬೆಕ್ಕು ಮರದಿಂದ ಇಳಿಯುತ್ತಿಲ್ಲ ಎಂದು.

ಹೀಗೆ ನಾನು ಕರ್ತನ ಭೋಜನದಲ್ಲಿ ರೊಟ್ಟಿಯ ಚೂರಿಗೆ ಕೈ ಚಾಚಿ ಎಷ್ಟು ಕಾಲವಾಯಿತೋ ಮರೆತುಹೋಗಿತ್ತು. ನನ್ನ ಹೆಂಡತಿ ಅವಳ ತಾಯಿಯ ಜೊತೆ ಊರಿನ ಆ ತುದಿಯ ಸಭೆಗೆ ಮುಂಜಾನೆಯೇ ಹೋಗಿಬಿಡುತ್ತಾಳೆ. ಆ ಹೊತ್ತಿಗೆ ನಾನು ಚಾದರದ ಗಂಟಿನ ಕೆಳಗಿರುತ್ತೇನೆ. ಬೇರೆಯವರನ್ನೆಲ್ಲಾ ಪಂಕ್ತಿಯಲ್ಲಿ ಕೂರಿಸಿ ಬಂದು ತಾನು ಹೊರಗೆ ಉಪವಾಸ ಕೂತವನ ಕಥೆ ನನ್ನದು. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ನಾನು ಆ ಬುಡ.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಒಂದು ಗುರುವಾರ ಲಾಂಡ್ರಿಗೆ ಈಗಿನ ಪಾಸ್ಟರು ಬಂದರು. ವಯಸ್ಸು ಚಿಕ್ಕದು, ಮಾತು ಮೆತ್ತಗೆ, ಮನುಷ್ಯ ಒಳ್ಳೆಯವರು. ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂದು ಅವರಿಂದಲೇ ನಾನು ಕಲಿತದ್ದು. ನಾನು ಬೆನ್ನ ಮೇಲೆ ಗಂಟು ಹೊತ್ತುಕೊಂಡು ವ್ಯಾನಿಗೆ ಏರಿಸುತ್ತಿದ್ದೆ. ಅವರು ಪ್ಯಾಂಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು, ಹೇಗೆ ಹೇಳುವುದೆಂದು ತಡವರಿಸುತ್ತಾ, ಮನೆಯವರ ಆರೋಗ್ಯ ಕೇಳಿ, ಹವಾಮಾನದ ಬಗ್ಗೆ ಎರಡು ಮಾತಾಡಿ, ಕೊನೆಗೆ ವಿಷಯಕ್ಕೆ ಬಂದರು. ವ್ಯಾನಿನಲ್ಲಿ ಬರುವವರು ನನ್ನ ಬಗ್ಗೆ ಏನೋ ಹೇಳಿದ್ದಾರಂತೆ. ಬ್ರೇಕು ಸ್ವಲ್ಪ ಜೋರಾಗಿ ಹಾಕುತ್ತೇನಂತೆ. ಹಾರನ್ನೂ ಸ್ವಲ್ಪ ಜೋರಂತೆ.

ಗಂಟನ್ನು ಕೆಳಗೆ ಹಾಕಿದೆ. ನನ್ನ ಮುಖ ನೋಡಿ ಪಾಸ್ಟರು ಒಂದು ಹೆಜ್ಜೆ ಹಿಂದೆ ಸರಿದರು, ಆದರೂ ಮಾತು ನಿಲ್ಲಿಸಲಿಲ್ಲ.

“ಬೇಜಾರು ಮಾಡ್ಕೋಬೇಡಿ ಬ್ರದರ್. ಒಳ್ಳೇದು ಮಾಡೋರು ದಣೀಬಾರದು ಅಂತ ಬೈಬಲ್ ವಾಕ್ಯ ಇದೆಯಲ್ಲ. ಬಿತ್ತಿದ್ದಕ್ಕೆ ಕೊಯ್ಲು ಇದ್ದೇ ಇದೆ.”

ಆ ವಾಕ್ಯ ನನಗೆ ಹೊಸದಲ್ಲ. ನಮ್ಮಪ್ಪ ಸಭೆಯಲ್ಲಿ ವಾಕ್ಯ ಕಲಿಸುವ ಉಪದೇಶಿಯಾಗಿದ್ದವರು, ನಾನು ಅದನ್ನು ಬಾಯಿಪಾಠ ಒಪ್ಪಿಸಿ ಬೆಳೆದವನು. ಆದರೆ ಒಂದು ವಿಷಯ ಗಮನಿಸಿದ್ದೇನೆ. ದಣಿಯಬೇಡಿ ಎಂದು ಹೇಳುವವರು ಯಾವಾಗಲೂ ಕೈ ಖಾಲಿ ಇರುವವರೇ. ಗಂಟು ಹೊತ್ತವನು ಪಕ್ಕದ ಗಂಟು ಹೊತ್ತವನಿಗೆ ಹಾಗೆ ಹೇಳಿದ್ದನ್ನು ನಾನು ಇದುವರೆಗೆ ಕೇಳಿಲ್ಲ. ಅವನು ಸ್ವಲ್ಪ ಇಳಿಸಿ ಕೂತ್ಕೋ ಎನ್ನುತ್ತಾನೆ. ಇದನ್ನೆಲ್ಲಾ ಪಾಸ್ಟರಿಗೆ ಹೇಳಲಿಲ್ಲ. ಆಗಲಿ ಎಂದು ಹಲ್ಲು ಕಡಿದು ಗಂಟು ಎತ್ತಿಕೊಂಡೆ.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲಾ ಕಾರಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸದೆ ಕೇಳಿಸಿಕೊಂಡಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವಳು ನನ್ನನ್ನು ಎಷ್ಟೋ ಸಲ ಅಂದವಳೇ. ಈ ಭಾನುವಾರವೇ ಕೊನೆ, ಬಿಟ್ಟಿ ಚಾಕರಿ ಸಾಕು, ಎಲ್ಲರಂತೆ ನಾನೂ ಒಳಗೆ ಹೋಗಿ ಬೆಂಚಿನ ಮೇಲೆ ಕೂರುತ್ತೇನೆ ಎಂದೆ. ಅವಳು ನೂಲು ಹಲ್ಲಿನಿಂದ ಕಡಿದು, ಆ ವಾಕ್ಯದ ಸ್ವಲ್ಪ ಮೇಲೆ ಇನ್ನೊಂದಿದೆಯಲ್ಲ, ಒಬ್ಬರ ಹೊರೆ ಇನ್ನೊಬ್ಬರು ಹೊರಬೇಕು ಅಂತ, ಅದನ್ನು ಪಾಸ್ಟರು ಹೇಳಲಿಲ್ಲವೇ ಎಂದು ಕೇಳಿದಳು. ಎಲ್ಲಿ ಹೇಳುತ್ತಾರೆ, ಹೇಳಿದರೆ ಅವರೂ ಹೊರಬೇಕಾಗುತ್ತದಲ್ಲ ಎಂದು ನಾನು ಉಬ್ಬಿದೆ. ಕೊನೆಗೂ ಒಬ್ಬಳು ನನ್ನ ಕಡೆ ಮಾತನಾಡಿದಳಲ್ಲ ಎಂದು ಸಮಾಧಾನವಾಗುವಷ್ಟರಲ್ಲಿ ಅವಳು ತಿರುಗಿಬಿದ್ದಳು.

“ನೀನೂ ಹೊರೆ ಕೊಡೋ ಜಾತಿ ಅಲ್ಲ ಬಿಡು. ಯಾರಾದ್ರೂ ಕೈ ಹಾಕೋಕೆ ಬಂದ್ರೆ ಗುರ್ ಅಂತೀಯ. ಬಿಡೋದಾದ್ರೆ ಬಿಡು, ನಾನು ಬೇಡ ಅನ್ನಲ್ಲ. ಆದ್ರೆ ಅವರ ಮುಖ ನೋಡಿ ಹೇಳಿ ಬಿಡು. ಪಾಸ್ಟರ್ ಕೈಲಿ ಹೇಳಿ ಕಳಿಸ್ಬೇಡ.”

ಸರಿ, ಹಾಗೆಯೇ ಎಂದುಕೊಂಡೆ. ಅದು ತಿಂಗಳ ಮೊದಲ ಭಾನುವಾರ, ಭೋಜನದ ದಿನ. ಬೇಕೆಂದೇ ಜಾಕೆಟ್ಟಿನ ಒಳಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡೆ. ಮೊದಲು ಆರಾಧನೆಯಲ್ಲಿ ಕೂರುವುದು, ಆಮೇಲೆ ವಾಪಸ್ಸು ಬರುವಾಗ ಮೂವರಿಗೂ ಹೇಳಿ ಕೈ ತೊಳೆದುಕೊಳ್ಳುವುದು. ಕೊನೆಯ ದಿನವಾದ್ದರಿಂದ ತಾತನ ಮನೆ ಮುಂದೆ ಹಾರನ್ ಧಾರಾಳವಾಗಿಯೇ ಹೊಡೆದೆ. ಅವರು ಎಂದಿಗಿಂತಲೂ ತಡಮಾಡಿದರು. ಅಕ್ಕತಂಗಿಯರು ದಾರಿಯುದ್ದಕ್ಕೂ ಒಂದು ಕೊಡೆಯ ವಿಚಾರಕ್ಕೆ ನನ್ನ ಮೂಲಕ ಜಗಳವಾಡಿದರು.

ಮೂವರನ್ನು ಒಳಗೆ ಬಿಟ್ಟು ಬಂದವನು ನೇರ ಠಾಣೆಯ ಗೇಟಿಗೆ ಹೋದೆ. ಅಲ್ಲಿ ಡ್ಯೂಟಿಯಲ್ಲಿದ್ದ ದಪ್ಪ ಮೀಸೆಯವರನ್ನು ನಾನು ಏಳು ವರ್ಷದಿಂದ ತಲೆಯಾಡಿಸುವಷ್ಟು ಬಲ್ಲೆ. ಇವತ್ತೊಂದು ದಿನ ನಾನು ಒಳಗೆ ಹೋಗಬೇಕು, ಬೇಕಾದರೆ ದಂಡ ಹಾಕಿಕೊಳ್ಳಿ, ವ್ಯಾನನ್ನು ಎಳೆದುಕೊಂಡು ಹೋಗಿ ಕೆರೆಗೆ ಹಾಕಿ ಎಂದು ಜಗಳಕ್ಕೆ ನಿಂತವನ ಹಾಗೆಯೇ ಹೇಳಿದೆ. ಅವರು ಕೈ ಚಾಚಿದರು.

“ಕೀ ಕೊಟ್ಟು ಹೋಗಿ. ಬೇಕಾದ್ರೆ ನಾವೇ ತೆಗೀತೀವಿ. ಇಲ್ಲಿರೋರೆಲ್ಲಾ ಡ್ರೈವರ್‌ಗಳೇ.”

ಹಾಗಾದರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ಕೇಳಲಿಲ್ಲವಲ್ಲ ಎಂದರು. ನಿಮಗೆ ಒಳಗೆ ಹೋಗುವುದು ಇಷ್ಟವಿಲ್ಲ ಅಂದುಕೊಂಡಿದ್ದೆವು, ಹಾಡು ಶುರುವಾದ ಕೂಡಲೇ ಕಿಟಕಿಯ ಗಾಜು ಏರಿಸುತ್ತೀರಲ್ಲ ಎಂದೂ ಸೇರಿಸಿದರು. ನಾನು ಗಾಜು ಏರಿಸುತ್ತಿದ್ದದ್ದು ಬೆಳಗಿನ ಜಾವದ ನಿದ್ದೆ ತೀರಿಸಿಕೊಳ್ಳಲು. ಅದನ್ನು ಇವರಿಗೆಲ್ಲಿ ವಿವರಿಸುವುದು? ಒಂದು ಮಾತು ಕೇಳಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಏಳು ವರ್ಷ ಸೀಟಿನಲ್ಲಿ ಕೂತಿದ್ದೆ. ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯದೆ ಕೀಲಿಕೈಯನ್ನು ಅವರ ಅಂಗೈಗೆ ಕುಕ್ಕಿ, ಜಾಕೆಟ್ ಕಳಚಿ ಸೀಟಿನ ಮೇಲೆ ಎಸೆದು, ಒಳಗೆ ನಡೆದೆ.

ಒಳಗೆ ಮೊದಲ ಹಾಡು ನಡೆಯುತ್ತಿತ್ತು. ನನ್ನನ್ನು ಮೊದಲು ನೋಡಿದವರು ಚಿಕ್ಕಕ್ಕ. ಹಾಡುತ್ತಿದ್ದ ಬಾಯಿ ತೆರೆದೇ ಉಳಿಯಿತು. ಅವರು ತಾತನ ತೋಳನ್ನು ಚಿವುಟಿದರು, ತಾತ ತಿರುಗಿ ನೋಡಿದವರು ಬೆಂಚು ಹಿಡಿದುಕೊಂಡು ಎದ್ದೇ ನಿಂತರು. ಮುಂದಿನ ಸಾಲಿನಲ್ಲಿ ಒಬ್ಬರೇ ಕೂತಿದ್ದ ದೊಡ್ಡಕ್ಕ ನನ್ನನ್ನು ಕಂಡು, ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡರು. ಇವರಿಗೇನಾಯಿತು? ವ್ಯಾನಿಗೆ ಬೆಂಕಿ ಬಿದ್ದಿದೆ ಎಂದುಕೊಂಡರೋ ಏನೋ ಎಂದು, ಏನೂ ಆಗಿಲ್ಲ ಎಂದು ಕೈಸನ್ನೆ ಮಾಡಿ ತಾತನ ಪಕ್ಕ ಕೂತೆ.

ತಾತ ತಮ್ಮ ಹಾಡಿನ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟು, ನಡೆಯುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟರು. ಅಂಗನವಾಡಿಯ ಮಗುವಿಗೆ ಅಕ್ಷರ ತೋರಿಸುವಂತೆ ಬೆರಳನ್ನು ಒಂದೊಂದೇ ಪದಕ್ಕೆ ಸರಿಸಿದರು. ಆ ಹಾಡನ್ನು ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹಾಡುತ್ತೇನೆ. ನಾನು ಪುಸ್ತಕ ನೋಡದೆ ಹಾಡಿದಾಗ ಅವರು ಮೆಚ್ಚಿಕೊಂಡು, ಹೊರಗೆ ಕೂತು ಕೇಳಿಯೇ ಎಷ್ಟು ಕಲಿತಿದ್ದೀಯ ಎಂದು ಪಿಸುಗುಟ್ಟಿದರು. ಎಲ್ಲರೂ ಏಳುವಾಗ ಏಳು, ಕೂರುವಾಗ ಕೂರು, ಗಾಬರಿ ಬೇಡ ಎಂದು ಕೈ ತಟ್ಟಿದರು. ಪ್ರಸಂಗದ ಉದ್ದಕ್ಕೂ ಮೂವರೂ ಪಾಸ್ಟರನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಆರಾಧನೆಯಲ್ಲಿ ಎಲ್ಲರಂತೆ ಸುಮ್ಮನೆ ಕೂರಬೇಕೆಂಬ ಒಂದೇ ಆಸೆಯಿಂದ ಬಂದಿದ್ದೆ. ಅದಕ್ಕೂ ಬಿಡಲಿಲ್ಲ.

ಭೋಜನದ ಹೊತ್ತು ಬಂತು. ಸಾಲುಸಾಲಾಗಿ ಎದ್ದು ಮುಂದೆ ಹೋಗುತ್ತಿದ್ದರು. ನಮ್ಮ ಸಾಲು ಬಂದಾಗ ನಾನೂ ಎದ್ದೆ. ಹಿಂದಿನಿಂದ ಅಂಗಿ ಎಳೆದ ಹಾಗಾಯಿತು. ತಾತ. ಗಡಿಯಾರದ ಮುಳ್ಳು ಹಿಡಿದ ಬೆರಳು, ಬಿಗಿಯಾಗಿಯೇ ಹಿಡಿದಿತ್ತು.

“ಕೂತ್ಕೋ. ನಿನಗೆ ಇವತ್ತೇ ಅಲ್ಲ, ಮೊದ್ಲು ದೀಕ್ಷಾಸ್ನಾನ ಆಗ್ಬೇಕು. ಅವಸರ ಮಾಡ್ಬೇಡಪ್ಪ, ದೇವರೇನು ಓಡಿ ಹೋಗಲ್ಲ.”

ಅವಸರದ ಬಗ್ಗೆ ನನಗೆ ಬುದ್ಧಿ ಹೇಳಲು ಭೂಮಿಯ ಮೇಲೆ ಇವರೇ ಸಿಗಬೇಕಿತ್ತು. ಏಳು ವರ್ಷದ ಸಿಟ್ಟು ಒಮ್ಮೆಗೇ ನೆತ್ತಿಗೇರಿತು.

“ತಾತ, ನನಗೆ ದೀಕ್ಷಾಸ್ನಾನ ಆದಾಗ ಮೀಸೇನೂ ಬಂದಿರಲಿಲ್ಲ. ನಮ್ಮಪ್ಪ ಉಪದೇಶಿ. ನಾನು ಇದೇ ಸಭೆಯವನು.”

ಮೆಲ್ಲಗೆ ಹೇಳಿದೆನೆಂದೇ ನಾನು ತಿಳಿದಿದ್ದೆ. ರೊಟ್ಟಿಯ ತಟ್ಟೆ ಹಿಡಿದಿದ್ದ ಪಾಸ್ಟರ ಕೈ ನಿಂತಿತು. ಅಂಗಿಯ ಮೇಲಿನ ಬೆರಳು ಸಡಿಲವಾಯಿತು. ದೊಡ್ಡಕ್ಕ ಹಿಂದಕ್ಕೆ ತಿರುಗಿ, ತಂಗಿಯ ಮುಖವನ್ನೇ ನೋಡಿ, ನಡುವೆ ಯಾರನ್ನೂ ಇಟ್ಟುಕೊಳ್ಳದೆ ಮಾತನಾಡಿದರು.

“ಅವನು ನಮ್ಮೋನೇ ಅಂತೆ ಕಣೇ.”

“ಹಾಗಾದ್ರೆ ನಾವು ಇಷ್ಟು ವರ್ಷ ಮಾಡಿದ್ದು?” ಎಂದರು ಚಿಕ್ಕಕ್ಕ.

ಅವರು ಏನು ಮಾಡಿದ್ದರೆಂದು ಕೇಳುವ ತಾಳ್ಮೆ ನನಗಿರಲಿಲ್ಲ. ಮುಂದೆ ಹೋಗಿ ಕೈ ಚಾಚಿದೆ. ಪಾಸ್ಟರು ನನ್ನ ಅಂಗೈಯಲ್ಲಿ ರೊಟ್ಟಿಯ ಚೂರಿಟ್ಟು, ನೀವು ಮುಂಜಾನೆಯ ಸಭೆಯಲ್ಲಿ ತೆಗೆದುಕೊಳ್ಳುತ್ತೀರಿ ಅಂತ ನಾನು ತಿಳಿದಿದ್ದೆ ಎಂದು ತುಟಿಯಲ್ಲೇ ಹೇಳಿದರು. ಅವರ ಮುಖ ಬಾಡಿಹೋಗಿತ್ತು. ನಾನು ತಲೆಯಾಡಿಸಿದೆ. ಆ ಹೊತ್ತಿಗೂ ನನ್ನ ಮನಸ್ಸಿನಲ್ಲಿ ಭಕ್ತಿಯಿರಲಿಲ್ಲ, ಸಿಟ್ಟೇ ಇತ್ತು. ಚೂರನ್ನು ಬಾಯಿಗೆ ಹಾಕಿಕೊಂಡಾಗ ಮಾತ್ರ, ನಾನು ಎಷ್ಟು ಹಸಿದಿದ್ದೆ ಎಂದು ಗೊತ್ತಾಯಿತು. ಬೇರೇನೂ ಅಲ್ಲ, ಹಸಿವು. ಆ ಚೂರನ್ನು ತುಂಬಾ ಹೊತ್ತು ಅಗಿದೆ.

ವಾಪಸ್ಸು ಬರುವಾಗ ವ್ಯಾನಿನ ಕಿಟಕಿ ಅರ್ಧ ತೆರೆದಿತ್ತು, ಅದರ ಬಗ್ಗೆ ಯಾರೂ ದೂರಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಚಿಕ್ಕಕ್ಕ ಎಲ್ಲವನ್ನೂ ಹೇಳಿದರು. ನೀಲಿ ಜಾಕೆಟ್ ನೋಡಿ, ಲಾಂಡ್ರಿಯವರು ಸಂಬಳ ಕೊಟ್ಟು ಕಳಿಸಿದ ಡ್ರೈವರ್ ಎಂದು ಅವರು ಮೊದಲ ದಿನವೇ ತಿಳಿದುಕೊಂಡರಂತೆ. ಆರಾಧನೆ ನಡೆಯುವಾಗ ಹೊರಗೆ ಗಾಜು ಏರಿಸಿಕೊಂಡು ಕೂರುವವನು, ಮುಖ ಗಂಟು ಹಾಕಿಕೊಂಡೇ ಇರುವವನು, ದೇವರ ಗಂಧಗಾಳಿ ಇಲ್ಲದವನು ಎಂದು ಕನಿಕರವಾಯಿತಂತೆ. ಅಂದಿನಿಂದ ಪ್ರತಿ ಬುಧವಾರ ಅಕ್ಕತಂಗಿಯರು, ಮಾತಿಲ್ಲದಿದ್ದರೂ, ಒಂದೇ ಕೋಣೆಯಲ್ಲಿ ಕೂತು, ಆ ಕಡೆ ಫೋನಿನಲ್ಲಿ ತಾತನನ್ನು ಇಟ್ಟುಕೊಂಡು, ಡ್ರೈವರನ ಆತ್ಮದ ರಕ್ಷಣೆಗಾಗಿ ಬೇಡಿಕೊಳ್ಳುತ್ತಿದ್ದರಂತೆ. ಪಾಸ್ಟರಿಗೆ ಹೇಳಿದ್ದೂ ಅದನ್ನೇ: ಆ ಹುಡುಗ ಬ್ರೇಕು ಹಾಕುವ ರೀತಿ, ಹಾರನ್ ಹೊಡೆಯುವ ರೀತಿ ನೋಡಿದರೆ ಮನಸ್ಸಿಗೆ ನೆಮ್ಮದಿಯಿಲ್ಲ, ಒಮ್ಮೆ ಹೋಗಿ ದೇವರ ವಿಷಯ ಮಾತಾಡಿ ಬನ್ನಿ ಎಂದು. ಪಾಸ್ಟರ ಕಿವಿಗೆ ಬ್ರೇಕು ಮತ್ತು ಹಾರನ್ ಮಾತ್ರ ಬಿದ್ದಿತ್ತು.

ಉಪದೇಶಿಯ ಮಗ ನಾನು. ನನ್ನನ್ನು ಕೂರಿಸಿಕೊಂಡು, ನನ್ನದೇ ವ್ಯಾನಿನಲ್ಲಿ, ನಾನೇ ಮಾಡಿದ ಮೆಟ್ಟಿಲು ಹತ್ತಿ ಬಂದು, ನನ್ನನ್ನೇ ಅನ್ಯನೆಂದು ಲೆಕ್ಕ ಹಾಕಿದ್ದಾರೆ!

“ತಾತ ತಡ ಮಾಡೋದೂ ಅದಕ್ಕೇ,” ಎಂದರು ದೊಡ್ಡಕ್ಕ. “ನಿನ್ನ ಹಾರನ್ ಕೇಳಿದ ತಕ್ಷಣ ಮಂಚದ ಪಕ್ಕ ಮೊಣಕಾಲೂರ್ತಾರೆ. ಊರಿದ್ಮೇಲೆ ಏಳೋಕಾಗಲ್ಲ.”

ತಾತ ಕಿಟಕಿಯಾಚೆ ನೋಡುತ್ತಾ, ನೀನು ಹೆಚ್ಚು ಹೊಡೆದಷ್ಟೂ ನಿನಗೆ ಹೆಚ್ಚು ಬೇಕಾಗಿದೆ ಅನಿಸುತ್ತಿತ್ತು ಎಂದರು.

ವ್ಯಾನನ್ನು ರಸ್ತೆಯ ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದೆ. ಬ್ರೇಕು ಜೋರಾಗಿಯೇ ಬಿತ್ತು. ನಗು ಬರುತ್ತಿತ್ತೋ ಅಳು ಬರುತ್ತಿತ್ತೋ ನನಗೇ ತಿಳಿಯಲಿಲ್ಲ. ಅವರ ಕಡೆ ತಿರುಗಿ, ಹೆಂಡತಿ ಹೇಳಿದಂತೆ ಮುಖ ನೋಡಿಯೇ ಹೇಳಿದೆ.

“ಮುಂದಿನ ಭಾನುವಾರದಿಂದ ನಾನು ಬರಲ್ಲ. ನನಗೆ ಸುಸ್ತಾಗಿದೆ.”

ವಾಕ್ಯ ಹೇಳುತ್ತಾರೆ ಎಂದು ಕಾದೆ. ಹೇಳಿದ್ದರೆ ಉತ್ತರ ತಯಾರಿತ್ತು. ಯಾರೂ ಹೇಳಲಿಲ್ಲ. ತಾತ ತಮ್ಮ ಮೊಣಕಾಲುಗಳನ್ನು ಸವರಿಕೊಂಡರು.

“ಸುಸ್ತು ಅಂತ ಹೇಳ್ಬೇಕಿತ್ತಪ್ಪ. ನಾವು ಇಷ್ಟು ವರ್ಷ ತಪ್ಪು ಬೇಡಿಕೆ ಇಟ್ಕೊಂಡು ಕೂತಿದ್ವಿ.” ಆಮೇಲೆ ಅಂದರು: “ನೀನು ಒಳಗೆ ಬರ್ಬೇಕು ಅಂತ ಕೇಳಿದ್ವಿ, ಬಂದೆ. ಅಷ್ಟು ಸಾಕು. ನಾವಿನ್ನು ಮನೇಲಿ ಕೂತ್ರೂ ನಡೆಯುತ್ತೆ.”

“ನಡೆಯುತ್ತೆ,” ಎಂದರು ದೊಡ್ಡಕ್ಕ. ಅವರ ಕೈ ಬೆಂಚಿನ ಅಂಚನ್ನು ಹಿಡಿದುಕೊಂಡಿತ್ತು. ಚಿಕ್ಕಕ್ಕನೂ ಹೌದೆಂದು ತಲೆಯಾಡಿಸಿದರು.

ಬೇಡಿಕೊಳ್ಳಲಿಲ್ಲ, ನಿಟ್ಟುಸಿರು ಬಿಡಲಿಲ್ಲ, ದೂರಲೂ ಇಲ್ಲ. ಬದುಕಿನಲ್ಲಿ ಒಂದೇ ಸಲ ಈ ಮೂವರು ಒಂದೇ ಮಾತಿಗೆ ಒಪ್ಪಿದ್ದರು, ಅದೂ ತಮಗೆ ನಷ್ಟವಾಗುವ ಮಾತಿಗೆ. ಅದೇ ನನಗೆ ಉರಿ ಹತ್ತಿಸಿತು. ಇವರು ಒಂದಿಷ್ಟು ಗೊಣಗಿದ್ದರೆ ನಾನು ಹಗುರಾಗಿ ಮನೆಗೆ ಹೋಗುತ್ತಿದ್ದೆ. ಒಳ್ಳೆಯದು ಮಾಡುವವನು ನಾನೊಬ್ಬನೇ ಎಂದುಕೊಂಡು ಏಳು ವರ್ಷ ಉರಿದುಕೊಂಡಿದ್ದೆ. ಸೀಟಿನ ಹಿಂದೆಯೇ ಮೂವರು ಸೇರಿ, ಸವೆದ ಮೊಣಕಾಲು ಸವೆಸಿಕೊಂಡು, ನನಗೇ ಒಳ್ಳೆಯದು ಮಾಡುತ್ತಿದ್ದರು. ಅವರಿಗೂ ಯಾರೂ ಥ್ಯಾಂಕ್ಸ್ ಹೇಳಿರಲಿಲ್ಲ. ಉತ್ತರವಾಗಿ ಅವರಿಗೆ ಸಿಕ್ಕಿದ್ದು ನನ್ನ ಹಾರನ್.

ಅಕ್ಕತಂಗಿಯರನ್ನು ಇಳಿಸಿದೆ. ಮೆಟ್ಟಿಲಿನ ಎತ್ತರದ ಬಗ್ಗೆ ದೊಡ್ಡಕ್ಕ ಏನೂ ಹೇಳಲಿಲ್ಲ, ನನ್ನ ಹೆಗಲ ಮೇಲೆ ಕೈ ಸ್ವಲ್ಪ ಹೊತ್ತು ಹೆಚ್ಚು ಇಟ್ಟರು, ಅಷ್ಟೇ. ತಾತನ ಮನೆ ಮುಂದೆ ನಾನೂ ಇಳಿದೆ. ಅಲ್ಲಿ ಇಳಿದದ್ದು ಅದೇ ಮೊದಲು, ಯಾವಾಗಲೂ ಸೀಟಿನಿಂದಲೇ ವ್ಯವಹಾರ. ಅವರ ತೋಳು ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದೆ. ಒಂದೊಂದು ಮೆಟ್ಟಿಲಿಗೂ ಮೊಣಕಾಲು ಕಟಕ್ ಎನ್ನುತ್ತಿತ್ತು, ಪಕ್ಕದಲ್ಲಿ ನಿಂತರೆ ಕೇಳಿಸುತ್ತಿತ್ತು. ಬಾಗಿಲ ಬಳಿ ಅವರು ನಿಂತು ಉಸಿರು ತೆಗೆದುಕೊಂಡರು.

“ಮುಂದಿನ ವಾರದಿಂದ ಹಾರನ್ ಕೇಳಿದ್ರೆ ಕುರ್ಚಿ ಮೇಲೆ ಕೂತು ಪ್ರಾರ್ಥನೆ ಮಾಡಿ,” ಎಂದೆ. ದನಿ ಒರಟಾಗಿಯೇ ಬಂತು.

“ಬರಲ್ಲ ಅಂದೆಯಲ್ಲ.”

“ಸುಸ್ತಾಗಿದೆ ಅಂದೆ.”

ಅವರು ನನ್ನನ್ನು ಒಂದು ಕಣ್ಣು ಕಿರಿದು ಮಾಡಿ ನೋಡಿದರು, ಕೆಟ್ಟ ಗಡಿಯಾರದ ಬೆನ್ನು ತೆಗೆದು ನೋಡುವವರ ಹಾಗೆ. ನೀನು ಆಗಲೇ ನಮ್ಮವನಾದ ಮೇಲೆ ಇನ್ನೇನು ಬೇಡಿಕೊಳ್ಳುವುದು ಎಂದು ನಿಜವಾಗಿಯೂ ಗೊತ್ತಿಲ್ಲದವರಂತೆ ಕೇಳಿದರು. ಏನಾದರೂ ಖಾರವಾಗಿ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ.

“ದಣಿದುಬಿಟ್ಟಿದ್ದೀನಿ ತಾತ. ನೀವು ನಿಲ್ಲಿಸಬೇಡಿ.”